ಅಂಗಾಲಿನ ಬಿಲ್ಲು, ಅದರ ಹೆದೆ

ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಕುಂಬಳೆ ಹತ್ತಿರದ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಯಕ್ಷಗಾನ ಕಲಾವಿದರು ಬರಲು ಶುರು ಮಾಡುತ್ತಾರೆ. ತಿಂಗಳುಗಟ್ಟಲೆ ರಾತ್ರಿ ಕುಣಿದ ಕಾಲುಗಳು ಅಲ್ವಾ.

ಕಳೆದ ವರ್ಷ ಒಬ್ಬ ಪುಂಡುವೇಷದ (ಎಳೆಯ ವೀರರ ಪಾತ್ರದ) ಕಲಾವಿದರು ಎಕ್ಸ್‌ರೇ ಹಿಡಿದುಕೊಂಡೇ ಬಂದರು. "ಬೆಳಿಗ್ಗೆ ಎದ್ದು ಕಾಲಿಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ಆಗ್ತದೆ ಡಾಕ್ಟ್ರೇ. ನಾಲ್ಕು ಹೆಜ್ಜೆ ನಡೆದರೆ ಕಮ್ಮಿ. ಎಲುಬು ಬೆಳೆದಿದೆಯಂತೆ." ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಅಂಥ ಎಲುಬಿನ ಮೊನೆ ಇರುತ್ತದೆ. ಎಕ್ಸ್‌ರೇ ಬದಿಗಿಟ್ಟು, ಕಾಲು ಒದ್ದೆ ಮಾಡಿಕೊಂಡು ಕಾವಿ ನೆಲದ ಮೇಲೆ ನಡೆಯಿರಿ ಅಂದೆ.

ಹಿಮ್ಮಡಿ, ಮುಂಗಾಲು, ಐದು ಬೆರಳು ಚೆನ್ನಾಗಿ ಮೂಡಿದವು. ನಡುವೆ ಹೊರಬದಿಯಲ್ಲಿ ಮಾತ್ರ ಒಂದು ಸಪೂರ ಪಟ್ಟಿ. ಒಳಬದಿ ಪೂರ್ತಿ ಒಣ. ಆ ಒಣ ಜಾಗವೇ ಪಾದದ ಒಳಕಮಾನು. ಪಟ್ಟಿ ಬಿದ್ದದ್ದು ತಗ್ಗಾದ ಹೊರಕಮಾನಿನದ್ದು. ಮೂರನೆಯ ಕಮಾನು ಪಾದಕ್ಕೆ ಅಡ್ಡ ಇದೆ. ಒಂದು ಪಾದದಲ್ಲಿ 26 ಎಲುಬು. ಆದರೆ ಬರೀ ಎಲುಬಿನಿಂದ ಕಮಾನು ನಿಲ್ಲುವುದಿಲ್ಲ.

ಅವರನ್ನು ನಿಲ್ಲಿಸಿ, ಅವರ ಕೈಯನ್ನೇ ಒಳಕಮಾನಿನ ಕೆಳಗೆ ಇಡಿಸಿದೆ. ಮತ್ತೆ ಕಾಲಿನ ಹೆಬ್ಬೆರಳನ್ನು ಮೆಲ್ಲ ಮೇಲೆತ್ತಿದೆ. ಕಮಾನು ತಾನಾಗಿ ಏರಿತು, ಅಡಿಯಲ್ಲಿ ಹಗ್ಗದಂಥದ್ದೊಂದು ಬಿಗಿಯಾಯಿತು. "ಹೋ, ಇದೆಂತ ಮಾರಾಯ್ರೆ!" ಅಂದರು. ಅದು ಪ್ಲಾಂಟರ್ ಫೇಶಿಯಾ, ಹಿಮ್ಮಡಿಯಿಂದ ಬೆರಳ ಬುಡದವರೆಗಿನ ಗಟ್ಟಿ ಪಟ್ಟಿ. 1954ರಲ್ಲಿ ಹಿಕ್ಸ್ ಎಂಬವರು ಇದನ್ನು ಹಗ್ಗ ಸುತ್ತುವ ರಾಟೆಗೆ ಹೋಲಿಸಿದ್ದರು. ವೇಷಧಾರಿಗೆ ಬಿಲ್ಲೇ ಹತ್ತಿರ ಅಂತ ನಾನು ಕಮಾನು ಬಿಲ್ಲು, ಈ ಪಟ್ಟಿ ಹೆದೆ ಅಂತಲೇ ಹೇಳಿದೆ. ದಿಗಿಣ, ಅಂದರೆ ಕುಣಿತದ ಸುತ್ತುಜಿಗಿತ, ಹಾರಿ ಇಳಿದಾಗಲೆಲ್ಲ ಈ ಹೆದೆ ಎಳೆಯುತ್ತದೆ. ಮೀನಖಂಡ ಬಿಗಿದುಕೊಂಡಿದ್ದರೆ ಎಳೆತ ಇನ್ನೂ ಜಾಸ್ತಿ. ಅವರದ್ದು ಕಲ್ಲಿನ ಹಾಗಿತ್ತು.

ಕೊಟ್ಟ ಕೆಲಸ ಎರಡೇ. ಹಾಸಿಗೆಯಿಂದ ಇಳಿಯುವ ಮೊದಲೇ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಎಳೆದು ಹತ್ತು ಎಣಿಸುವುದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಎರಡನೆಯದು, ದಿನ ಬಿಟ್ಟು ದಿನ, ಸುತ್ತಿದ ಬೈರಾಸನ್ನು (ಟವೆಲನ್ನು) ಬೆರಳಡಿ ಇಟ್ಟು ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತುವುದು: ಏರಲು 3 ಸೆಕೆಂಡ್, ಮೇಲೆ 2, ಇಳಿಯಲು 3. ಮೆತ್ತನೆ ಚಪ್ಪಲಿ ಬೇಡ ಅನ್ನಲಿಲ್ಲ, ನೋವಿರುವಾಗ ಅದು ಬೇಕು. ಆದರೆ ಹೆದೆಗೆ ಬಲ ಬರುವುದು ಭಾರ ಹೊತ್ತರೆ ಮಾತ್ರ. ಸುಮ್ನೆ ಮಲಗಿದರೆ ಬರುವುದಿಲ್ಲ.

ಮಳೆ ನಿಲ್ಲುವ ಹೊತ್ತಿಗೆ ಬೆಳಗಿನ ನೋವು ಹೋಗಿತ್ತು. ತಿರುಗಾಟಕ್ಕೆ ಹೊರಡುವ ಮುಂಚೆ ಒಬ್ಬ ಶಿಷ್ಯನನ್ನು ಕರೆದುಕೊಂಡು ಬಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಕುಕ್ಕರಗಾಲಲ್ಲಿ ಕೂತು ಹುಡುಗನ ಹೆಬ್ಬೆರಳು ಎತ್ತಿ, "ಈಗ ಅಡಿಗೆ ಕೈ ಇಟ್ಟು ನೋಡು" ಅಂದರು.