ಹೊಸ ವರ್ಷದ ನಿರ್ಧಾರವನ್ನು ಕಂತು ಕಂತಾಗಿ ಕಟ್ಟುವುದು ಹೇಗೆ?

ನಾನು ದಾವಣಗೆರೆಯಲ್ಲಿ ಅಂಚೆ ಕಚೇರಿಯ ಆರ್.ಡಿ. ಏಜೆಂಟ್. ಆರ್.ಡಿ. ಅಂದರೆ ತಿಂಗಳು ತಿಂಗಳು ಒಂದೇ ಮೊತ್ತದ ಕಂತು ಕಟ್ಟುವ ಉಳಿತಾಯ ಖಾತೆ. ವಿನೋಬನಗರ, ನಿಟುವಳ್ಳಿ ಕಡೆ ಪ್ರತಿ ತಿಂಗಳು ಮನೆಮನೆಗೆ ಹೋಗಿ ಕಂತಿನ ದುಡ್ಡು ಇಸ್ಕೊಂಡು ಅಂಚೆ ಕಚೇರಿಗೆ ಕಟ್ಟುವುದು ನನ್ನ ಕೆಲಸ. ಈ ಕೆಲಸಕ್ಕೆ ಹೆಂಗಸರನ್ನೇ ಏಜೆಂಟರನ್ನಾಗಿ ತೆಗೆದುಕೊಳ್ಳುವ ಸರ್ಕಾರದ ಯೋಜನೆಯೊಂದಿದೆ, ಮಹಿಳಾ ಪ್ರಧಾನ್ ಕ್ಷೇತ್ರೀಯ ಬಚತ್ ಯೋಜನೆ ಅಂತ. ಜನವರಿಯಲ್ಲಿ ಹೊಸ ಖಾತೆ ಮಾಡಿಸುವವರು ಜಾಸ್ತಿ. ಮಾರ್ಚ್ ಬಂದರೆ "ಅಕ್ಕಾ, ಈ ತಿಂಗ್ಳು ಆಗಲ್ಲ ನೋಡ್ರಿ" ಅನ್ನುವವರು ಜಾಸ್ತಿ. ಆದರೂ ನನ್ನ ಮನೆಗಳಲ್ಲಿ ಬಹಳಷ್ಟು ಜನ 60 ಕಂತನ್ನೂ ಮುಗಿಸುತ್ತಾರೆ. ಐದು ವರ್ಷ, ಪ್ರತಿ ತಿಂಗಳು.

ಇವರೆಲ್ಲ ಯಾರು ಅಂತೀರಾ? ಮನೆಯಲ್ಲೇ ಬಟ್ಟೆ ಹೊಲಿಯುವವರು, ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುವವರು, ಗಾರೆ ಕೆಲಸದವರ ಮನೆಯವರು. ವಾಕಿಂಗ್ ಶುರು ಮಾಡಿ ಹದಿನೈದೇ ದಿನಕ್ಕೆ ಬಿಟ್ಟವರೂ ಇವರಲ್ಲೇ ಇದ್ದಾರೆ. ಅದೇ ಮನುಷ್ಯರು, ಅದೇ ಮನಸ್ಸು. ಕಂತು ಮಾತ್ರ ನಡೆಯುತ್ತದೆ, ವಾಕಿಂಗ್ ನಿಲ್ಲುತ್ತದೆ. ಯಾಕೆ ಅಂತ ನಾನು ತುಂಬಾ ಯೋಚನೆ ಮಾಡಿದ್ದೇನೆ. ಕಂತಿಗೆ ಒಂದು ಕಟ್ಟುಪಾಡು ಇದೆ. ಮೊತ್ತ ಕೈಗೆ ಎಟುಕುವಂಥದ್ದು. ತಾರೀಖು ಗೊತ್ತು. ತಪ್ಪಿದರೆ ಏನು ಮಾಡಬೇಕು ಅನ್ನುವುದು ಮೊದಲೇ ಬರೆದಿದೆ. ಕೇಳಲು ಒಬ್ಬರು ಬಾಗಿಲಿಗೆ ಬರುತ್ತಾರೆ. ಈ ನಾಲ್ಕನ್ನು ನಿಮ್ಮ ನಿರ್ಧಾರಕ್ಕೂ ಕಟ್ಟಿಕೊಡಿ. ಅದು ನಡಿಗೆಯಾಗಲಿ, ಸಕ್ಕರೆ ಬಿಡುವುದಾಗಲಿ, ಓದುವುದಾಗಲಿ, ಹೇಗೆ ಅಂತ ಹೇಳುತ್ತೇನೆ.

ಮೊದಲಿಗೆ, ಒಂದೇ ಒಂದು ನಿರ್ಧಾರ ಆರಿಸಿ. ಡಿಸೆಂಬರ್ 31ರ ರಾತ್ರಿ ಆರು ಏಳು ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ಉಳಿದವನ್ನು ಹರಿದು ಹಾಕಬೇಕಿಲ್ಲ, ಯುಗಾದಿಗೆ ಅಂತ ಎತ್ತಿಡಿ. ನಮಗೆ ವರ್ಷಕ್ಕೆ ಎರಡು ಹೊಸ ವರ್ಷ ಇರುವುದು ಎಷ್ಟು ಅನುಕೂಲ! ಜನವರಿಯದ್ದು ಅಷ್ಟರಲ್ಲಿ ಹದಕ್ಕೆ ಬಂದಿದ್ದರೆ, ಬೇವು ಬೆಲ್ಲ ತಿಂದ ದಿನ ಎರಡನೆಯದನ್ನು ಶುರು ಮಾಡಬಹುದು.

ಮೊತ್ತವನ್ನು ಜೂನ್ ತಿಂಗಳಿಗೆ ಹಾಕಿ ನೋಡಿ

ಹೊಸಬರು ಖಾತೆ ಮಾಡಿಸುವಾಗ "ತಿಂಗಳಿಗೆ 2,000 ಬರೀರಿ" ಅನ್ನುತ್ತಾರೆ. ನಾನು ಫಾರಂ ತುಂಬುವ ಮೊದಲು ಕೇಳುವುದು ಒಂದೇ: "ಜೂನ್‌ನಾಗೆ ಕಟ್ತೀರಾ?" ಜೂನ್ ಅಂದರೆ ಶಾಲೆ ಶುಲ್ಕ, ಪುಸ್ತಕ, ಯೂನಿಫಾರಂ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹಂಗಾರೆ 500 ಮಾಡ್ರಿ" ಅನ್ನುತ್ತಾರೆ. ಆ 500 ಕೊನೆಯವರೆಗೂ ನಡೆಯುತ್ತದೆ. ಅಂಚೆ ಆರ್.ಡಿ. ತಿಂಗಳಿಗೆ 100 ರೂಪಾಯಿಯಿಂದಲೇ ಶುರು ಮಾಡಬಹುದು. 2023ರ ಅಕ್ಟೋಬರ್‌ನಲ್ಲಿ ಬಡ್ಡಿ ಶೇ. 6.7 ಆಯಿತು. ಆ ದರದಲ್ಲಿ ತಿಂಗಳಿಗೆ 500 ಕಟ್ಟಿದರೆ, ಐದು ವರ್ಷದಲ್ಲಿ ಕಟ್ಟಿದ್ದು 30,000, ಕೈಗೆ ಬರುವುದು 35,600ಕ್ಕಿಂತ ಸ್ವಲ್ಪ ಜಾಸ್ತಿ. ಮೂರು ತಿಂಗಳು ಕಟ್ಟಿ ಬಿಟ್ಟ 2,000ದಿಂದ ಏನೂ ಆಗುವುದಿಲ್ಲ.

ನಿಮ್ಮ ನಿರ್ಧಾರವನ್ನೂ ಹೀಗೇ ಅಳೆಯಿರಿ. ಜನವರಿ ಒಳ್ಳೆಯ ತಿಂಗಳು. ಬೆಳಿಗ್ಗೆ ತಂಪು, ಸಂಜೆಯೂ ತಂಪು. ಕುಂದವಾಡ ಕೆರೆ ಏರಿ ಮೇಲೆ ಒಂದು ಗಂಟೆ ನಡೆದರೂ ದಣಿವು ಗೊತ್ತಾಗುವುದಿಲ್ಲ. ಆದರೆ ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲು ಹೇಗಿರುತ್ತದೆ, ಗೊತ್ತಲ್ವಾ? ಮಕ್ಕಳ ಪರೀಕ್ಷೆ, ಮನೆಗೆ ನೆಂಟರು, ಕರೆಂಟ್ ಹೋಗಿ ನಿದ್ದೆ ಇಲ್ಲದ ರಾತ್ರಿ. ಅಂಥ ದಿನವೂ ಎಷ್ಟು ನಡೆಯಲು ಆಗುತ್ತದೋ ಅಷ್ಟೇ ನಿಮ್ಮ ಕಂತು. ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ ಬರೆಯಿರಿ. ಮನಸ್ಸು ಬಂದ ದಿನ ಅರ್ಧ ಗಂಟೆ ನಡೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ದೊಡ್ಡವರಿಗೆ ವಾರಕ್ಕೆ 150 ನಿಮಿಷವಾದರೂ ಚುರುಕು ನಡಿಗೆಯಂಥ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಐದು ದಿನ ಅರ್ಧರ್ಧ ಗಂಟೆ ಆಯಿತು. ಅಲ್ಲಿಗೆ ಮುಟ್ಟೋಣ, ಆದರೆ ಜನವರಿ 1ಕ್ಕೇ ಮುಟ್ಟಬೇಕಿಲ್ಲ.

ಸಕ್ಕರೆ ಕಡಿಮೆ ಮಾಡುವವರಿಗೂ ಇದೇ ಮಾತು. ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ ಎಂಟು ಚಮಚ. ಒಂದೇ ದಿನ ಸೊನ್ನೆಗೆ ಇಳಿಸಿದವರು ಸಂಕ್ರಾಂತಿ ಎಳ್ಳು ಬೆಲ್ಲದ ಹೊತ್ತಿಗೆ ವಾಪಸ್ ಎಂಟಕ್ಕೆ ಬಂದಿರುತ್ತಾರೆ. ಜನವರಿ ಪೂರ್ತಿ ಲೋಟಕ್ಕೆ ಒಂದೂವರೆ, ಫೆಬ್ರವರಿಯಲ್ಲಿ ಒಂದು, ಆಮೇಲೆ ಅರ್ಧ. ನಾಲಿಗೆ ತಾನಾಗಿ ಹೊಂದಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಈ ಲೆಕ್ಕ ಹಿಡಿಯದೆ ಡಾಕ್ಟರ್ ಹೇಳಿದ ಹಾಗೆ ಮಾಡಿ.

ತಾರೀಖು, ಹೊತ್ತು, ಗೋಡೆಯ ಕ್ಯಾಲೆಂಡರ್

"ಈ ವರ್ಷ ಜಾಸ್ತಿ ಓದ್ತೀನಿ" ಅನ್ನುವುದು "ಕೈಯಲ್ಲಿ ದುಡ್ಡು ಇದ್ದಾಗ ಕಟ್ತೀನಿ" ಅಂದ ಹಾಗೆ. ಹಾಗೆ ಹೇಳಿದವರು ಕಟ್ಟಿದ್ದನ್ನು ನಾನು ನೋಡಿಲ್ಲ. ದಿನಾ ಹೇಗೂ ಮಾಡುವ ಒಂದು ಕೆಲಸದ ಹಿಂದೆಯೇ ಹೊಸದನ್ನು ಇಡಿ. ಮಗುವನ್ನು ಶಾಲೆ ವ್ಯಾನ್ ಹತ್ತಿಸಿದ ಕೂಡಲೇ ಮನೆಗೆ ತಿರುಗದೆ ಹತ್ತು ನಿಮಿಷ ಮುಂದೆ ನಡೆಯುವುದು. ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಮೇಲೆ ಎರಡು ಪುಟ ಓದುವುದು. ಸಂಬಳ ಬಂದ ದಿನವೇ, ದಿನಸಿ ಚೀಟಿ ಬರೆಯುವ ಮೊದಲೇ ಉಳಿತಾಯದ ದುಡ್ಡು ತೆಗೆದಿಡುವುದು. "ಬೆಳಿಗ್ಗೆ" ಅನ್ನುವುದಕ್ಕಿಂತ "ವ್ಯಾನ್ ಹೋದ ಮೇಲೆ" ಅನ್ನುವುದು ಗಟ್ಟಿ. ಬೆಳಿಗ್ಗೆ ಅಂದರೆ ನಾಲ್ಕೈದು ಗಂಟೆ ಉದ್ದ, ವ್ಯಾನ್ ಹೋಗುವುದು ಒಂದೇ ಸಲ.

ಬರೆದಿಡಲು ಆ್ಯಪ್ ಬೇಕಿಲ್ಲ. ಅಡುಗೆಮನೆ ಗೋಡೆಯ ಮೇಲೆ ದೊಡ್ಡ ಚೌಕದ ಕ್ಯಾಲೆಂಡರ್ ಇದ್ದೇ ಇರುತ್ತದೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಎಲ್ಲ ಅದರಲ್ಲೇ ಬರೆಯುತ್ತೇವೆ. ಅದೇ ಚೌಕದ ಮೂಲೆಯಲ್ಲಿ ಒಂದು ಗೀಟು ಹಾಕಿ. ಪೆನ್ನನ್ನು ದಾರ ಕಟ್ಟಿ ಅಲ್ಲೇ ನೇತುಹಾಕಿ, ಇಲ್ಲದಿದ್ದರೆ ಮಕ್ಕಳು ಒಯ್ಯುತ್ತಾರೆ. ನನ್ನ ಖಾತೆದಾರರ ಹತ್ತಿರವೂ ಒಂದು ಕಾರ್ಡ್ ಇರುತ್ತದೆ. ದುಡ್ಡು ಇಸ್ಕೊಂಡ ತಕ್ಷಣ ಅದರಲ್ಲಿ ಬರೆದು ಸಹಿ ಮಾಡುತ್ತೇನೆ. ಒಂದೊಂದೇ ಸಾಲು ತುಂಬಿದ ಹಾಗೆ ಆ ಕಾರ್ಡಿನ ಮೇಲೆ ಅವರಿಗೆ ಪ್ರೀತಿ ಬರುತ್ತದೆ. ದೇವರ ಮನೆಯಲ್ಲಿ ಇಟ್ಟುಕೊಂಡವರಿದ್ದಾರೆ.

ತಪ್ಪಿದ ದಿನಕ್ಕೂ ಒಂದು ನಿಯಮ ಬೇಕು

ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ನಿರ್ಧಾರ ಮಾಡುವಾಗ ತಪ್ಪಿದರೆ ಏನು ಅಂತ ಯೋಚಿಸುವುದು ಅಪಶಕುನ ಅಂದುಕೊಳ್ಳುತ್ತೇವೆ. ಅದಕ್ಕೇ ಒಂದು ದಿನ ತಪ್ಪಿದ ಕೂಡಲೇ "ಹೋಯ್ತು ಬಿಡು" ಅಂತ ಪೂರ್ತಿ ಕೈಬಿಡುತ್ತೇವೆ.

ಆರ್.ಡಿ. ನಿಯಮ ನೋಡಿ. ಒಂದು ಕಂತು ತಪ್ಪಿದರೆ 100 ರೂಪಾಯಿಗೆ 1 ರೂಪಾಯಿ ದಂಡ. 500ರ ಖಾತೆಗೆ 5 ರೂಪಾಯಿ. ಮುಂದಿನ ತಿಂಗಳು ಸೇರಿಸಿ ಕಟ್ಟಿದರೆ ಮುಗಿಯಿತು, ಯಾರೂ ಬೈಯುವುದಿಲ್ಲ. ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ. ಆಗಲೂ ಎರಡು ತಿಂಗಳೊಳಗೆ ಬಾಕಿ ಕಟ್ಟಿ ಮತ್ತೆ ಚಾಲೂ ಮಾಡಿಸಬಹುದು. ಮನುಷ್ಯರಿಗೆ ಕಷ್ಟ ಬರುತ್ತದೆ ಅಂತ ಗೊತ್ತಿದ್ದವರು ಮಾಡಿದ ನಿಯಮ ಇದು. ದಂಡ ಇದೆ, ಆದರೆ ಹೆದರಿ ಓಡಿಹೋಗುವಷ್ಟು ಇಲ್ಲ. ಕೊನೆಯ ಗಡುವೂ ಇದೆ.

ನಿಮ್ಮದಕ್ಕೂ ಇಂಥದ್ದೊಂದು ಬರೆದುಕೊಳ್ಳಿ. ನಾನು ಹೇಳಿಕೊಡುವುದು ಹೀಗೆ: ಒಂದು ದಿನ ತಪ್ಪಿದರೆ ದಂಡದ ಡಬ್ಬಿಗೆ 5 ರೂಪಾಯಿ. ಬೆನ್ನುಬೆನ್ನಿಗೆ ಎರಡನೇ ದಿನ ತಪ್ಪಲು ಬಿಡಬಾರದು, ಮನೆ ಮುಂದಿನ ರಸ್ತೆಯಲ್ಲಿ ಐದು ನಿಮಿಷ ಓಡಾಡಿದರೂ ಸರಿ, ಗೀಟು ಬೀಳಬೇಕು. ತಿಂಗಳಲ್ಲಿ ನಾಲ್ಕು ಸಲ ತಪ್ಪಿತು ಅಂದರೆ ಮೊತ್ತ ಜಾಸ್ತಿ ಆಗಿದೆ ಅಥವಾ ಹೊತ್ತು ಸರಿ ಇಲ್ಲ ಅಂತ ಅರ್ಥ, ಎರಡರಲ್ಲಿ ಒಂದನ್ನು ಬದಲಿಸಿ. ಆದರೆ ಕಂತಿನ ಹಾಗೆ ಬಾಕಿ ತೀರಿಸಲು ಮಾತ್ರ ಹೋಗಬೇಡಿ. ನಿನ್ನೆಯ ನಡಿಗೆ ಇವತ್ತಿಗೆ ಸೇರಿಸಿದರೆ ಮಂಡಿ ನೋವು ಬರುತ್ತದೆ. ತಪ್ಪಿಸಿದ ಇಪ್ಪತ್ತು ಪುಟ ಒಂದೇ ರಾತ್ರಿ ಓದಲು ಕೂತರೆ ಪುಸ್ತಕವೇ ಬೇಡ ಅನಿಸುತ್ತದೆ.

ಇದಕ್ಕೆ ಆಧಾರವೂ ಇದೆ. ಕಾಲೇಜಿಗೆ ಹೋಗುವ ನನ್ನ ಮಗಳು ಓದಿ ಹೇಳಿದ್ದು. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನರಿಗೆ ದಿನಕ್ಕೊಂದು ಹೊಸ ಕೆಲಸ ಆರಿಸಿಕೊಳ್ಳಲು ಹೇಳಿ 12 ವಾರ ಗಮನಿಸಿದರು. ಅದು ಮುದ್ರಣವಾದದ್ದು 2010ರಲ್ಲಿ. ಅಭ್ಯಾಸ ಕೂರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕು, ಇನ್ನು ಕೆಲವರಿಗೆ 254 ದಿನದವರೆಗೂ ಬೇಕಾಗಬಹುದು ಅಂತ ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. 66 ದಿನವನ್ನು ಜನವರಿ 1ರಿಂದ ಎಣಿಸಿ ನೋಡಿ, ಮಾರ್ಚ್ 7 ಬರುತ್ತದೆ. ನನಗೆ "ಈ ತಿಂಗ್ಳು ಆಗಲ್ಲ" ಅನ್ನುವವರು ಜಾಸ್ತಿಯಾಗುವುದೂ ಅದೇ ಹೊತ್ತಿಗೆ. ಇನ್ನೇನು ಕೂರುತ್ತದೆ ಅನ್ನುವಾಗ ಎದ್ದುಹೋಗುತ್ತೇವೆ. ಕ್ಯಾಲೆಂಡರ್‌ನಲ್ಲಿ ಮಾರ್ಚ್ 7ಕ್ಕೆ ಈಗಲೇ ಒಂದು ಸುತ್ತು ಹಾಕಿಡಿ.

ಮದುವೆ, ಜಾತ್ರೆ, ಊರಿಗೆ ಹೋಗುವುದು ಇದ್ದರೆ ಅದನ್ನು ತಪ್ಪಿದ ದಿನಕ್ಕೆ ಸೇರಿಸಬೇಡಿ. ಮೊದಲೇ ಹೇಳಿದ ರಜೆ ಅದು. ಕ್ಯಾಲೆಂಡರ್‌ನಲ್ಲಿ ಮುಂಚೆಯೇ ರಜೆ ಅಂತ ಬರೆದು, ಮತ್ತೆ ಯಾವ ದಿನ ಶುರು ಅನ್ನುವುದನ್ನೂ ಬರೆಯಿರಿ. ನನ್ನ ಖಾತೆದಾರರಲ್ಲಿ ಕೆಲವರು ಹಬ್ಬದ ಖರ್ಚು ಬರುವ ಮೊದಲೇ ಆರು ತಿಂಗಳ ಕಂತು ಒಟ್ಟಿಗೆ ಕಟ್ಟುತ್ತಾರೆ. ಹಾಗೆ ಆರು ಕಂತು ಮುಂಗಡ ಕಟ್ಟಿದರೆ 100ರ ಖಾತೆಗೆ ಒಟ್ಟು 10 ರೂಪಾಯಿ ರಿಯಾಯಿತಿಯೂ ಇದೆ.

ಬಾಗಿಲಿಗೆ ಬರುವ ಒಬ್ಬರು

ಮೊಬೈಲ್‌ನಲ್ಲೇ ದುಡ್ಡು ಹಾಕುವ ಕಾಲದಲ್ಲೂ ಜನ ನನ್ನನ್ನು ಕಾಯುತ್ತಾರೆ. ಹೊಲಿಗೆ ಮಾಡುವ ಅಕ್ಕ ಒಬ್ಬರು ಹೇಳಿದ್ದರು, "ನೀವು ಬರ್ತೀರಿ ಅಂತ ಡಬ್ಬಿಗೆ ಕೈ ಹಾಕಲ್ಲ." ಬರುವವರು ಇದ್ದರೆ ಸಾಕು, ನಿಯತ್ತು ತಾನೇ ಬರುತ್ತದೆ.

ಹಾಗಾಗಿ ನಿಮ್ಮ ನಿರ್ಧಾರವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿ ನೂರು ಜನಕ್ಕೆ ಹೇಳುವ ಬದಲು ಒಬ್ಬರಿಗೆ ಹೇಳಿ. ಆ ಒಬ್ಬರು ವಾರಕ್ಕೊಮ್ಮೆ, ಗೊತ್ತಾದ ದಿನ ಕೇಳಬೇಕು. ಬೈಯುವವರು ಬೇಡ. "ಪಾಪ, ಬಿಡು" ಅಂತ ಸಮಾಧಾನ ಮಾಡುವವರೂ ಬೇಡ. "ಈ ವಾರ ಎಷ್ಟು ಗೀಟು ಬಿತ್ತು?" ಅಂತ ಕೇಳಿ ಸುಮ್ಮನಾಗುವವರು ಬೇಕು. ನನ್ನ ಅನುಭವದಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಈ ಕೆಲಸಕ್ಕೆ ಆಗುವುದಿಲ್ಲ, ಕೇಳಿದ್ದು ಜಗಳಕ್ಕೆ ತಿರುಗುತ್ತದೆ. ನಾದಿನಿ, ಪಕ್ಕದ ಮನೆಯವರು, ಜೊತೆಗೆ ಕೆಲಸ ಮಾಡುವವರು ವಾಸಿ. ಹತ್ತು ವರ್ಷದ ಮಕ್ಕಳು ಎಲ್ಲರಿಗಿಂತ ವಾಸಿ, ಅವರು ಒಂದು ವಾರವೂ ಮರೆಯುವುದಿಲ್ಲ.

ಏನನ್ನಾದರೂ ಬಿಡುವ ನಿರ್ಧಾರವಾದರೆ ಆ ಹೊತ್ತನ್ನು ಖಾಲಿ ಬಿಡಬೇಡಿ. ನಮ್ಮೂರಲ್ಲಿ ಸಂಜೆ ಅಂದರೆ ಮಿರ್ಚಿ ಮಂಡಕ್ಕಿ. ದಿನಾ ಮಿರ್ಚಿ ತಿನ್ನುವವರು ಮಂಡಕ್ಕಿ ಇಟ್ಟುಕೊಂಡು ಮಿರ್ಚಿ ಮಾತ್ರ ಬಿಡಲಿ. ಈರುಳ್ಳಿ, ಟೊಮೆಟೊ, ಹುರಿಗಡಲೆ ಹಾಕಿ ಮನೆಯಲ್ಲೇ ಕಲಸಿಕೊಳ್ಳಲಿ. ಮಿರ್ಚಿ ಭಾನುವಾರಕ್ಕೆ ಇರಲಿ. ಗುಟ್ಕಾ, ಬೀಡಿ, ಸಿಗರೇಟಿನ ವಿಷಯ ಬೇರೆ. ಅದರಲ್ಲಿ ಒಬ್ಬರೇ ಒದ್ದಾಡಬೇಡಿ. ತಂಬಾಕು ಬಿಡಲು ನೆರವಾಗುವ 1800-11-2356 ನಂಬರ್ ಪ್ಯಾಕೆಟ್ ಮೇಲೆಯೇ ಅಚ್ಚಾಗಿರುತ್ತದೆ. ಕರೆ ಮಾಡಲು ದುಡ್ಡು ಬೀಳುವುದಿಲ್ಲ. ಮನೆಯವರೇ ಪಕ್ಕದಲ್ಲಿ ಕೂತು ಮೊದಲ ಕರೆ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು.

ಚೆನ್ನಾಗಿ ನಡೆಯುತ್ತಿದೆ ಅಂತ ನಡುವೆ ಮೊತ್ತ ಏರಿಸಬೇಕು ಅನಿಸುತ್ತದೆ. ಆರ್.ಡಿ.ಯಲ್ಲಿ ಅದಕ್ಕೆ ಅವಕಾಶವಿಲ್ಲ. 500ರ ಖಾತೆ ಕೊನೆಯವರೆಗೂ 500ರದ್ದೇ. ಜಾಸ್ತಿ ಬೇಕಾದರೆ ಇನ್ನೊಂದು ಖಾತೆ ತೆಗೆಯಬೇಕು. ನನಗೆ ಈ ನಿಯಮ ತುಂಬಾ ಇಷ್ಟ. ಹತ್ತು ನಿಮಿಷದ ನಡಿಗೆಯನ್ನು ಹತ್ತಾಗಿಯೇ ಬಿಡಿ, ಸಂಜೆಗೆ ಇನ್ನೊಂದು ಹತ್ತು ನಿಮಿಷ ಬೇರೆಯಾಗಿ ಶುರು ಮಾಡಿ. ಸಂಜೆಯದು ನಿಂತರೂ ಬೆಳಗಿನದು ಉಳಿಯುತ್ತದೆ.

ಜನವರಿ 1 ಆಗಲೇ ದಾಟಿದೆಯಾ? ಚಿಂತೆ ಬೇಡ. ಆರ್.ಡಿ.ಯಲ್ಲಿ ತಿಂಗಳ 15ರೊಳಗೆ ತೆಗೆದ ಖಾತೆಗೆ ಪ್ರತಿ ತಿಂಗಳು 15ರೊಳಗೆ ಕಟ್ಟಬೇಕು, 16ರಿಂದ ಮುಂದೆ ತೆಗೆದರೆ ತಿಂಗಳ ಕೊನೆಯವರೆಗೂ ಸಮಯ ಇರುತ್ತದೆ. ತಡವಾಗಿ ಬಂದವರಿಗೆ ಅಂತಲೇ ಬೇರೆ ತಾರೀಖು ಇದೆ. ನೀವೂ ಇವತ್ತಿನ ತಾರೀಖಿನಿಂದ 66 ಎಣಿಸಿ, ಆ ಚೌಕಕ್ಕೆ ಸುತ್ತು ಹಾಕಿ, ಕೇಳುವವರು ಯಾರು ಅಂತ ಅದರ ಪಕ್ಕದಲ್ಲೇ ಹೆಸರು ಬರೆಯಿರಿ.