ಚಳಿಗಾಲದಲ್ಲೇ ಕೈತೋಟ ಹದಗೊಳಿಸುವುದು: ಯಾವುದು ಮೊದಲು, ಯಾವುದು ಆಮೇಲೆ

ವಸಂತದ ಬಿತ್ತನೆ ಅಂದಕೂಡಲೇ ಎಲ್ಲರ ಕೈ ಬೀಜದ ಪೊಟ್ಟಣದ ಕಡೆ ಹೋಗುತ್ತದೆ. ಬೀಜದ ಕೆಲಸ ತಡವಾದರೂ ಸುಧಾರಿಸಿಕೊಳ್ಳಬಹುದು. ಆದರೆ ಹಾಕಿದ ಸುಣ್ಣ ಮಣ್ಣಿನಲ್ಲಿ ಕೆಲಸ ಮಾಡಲು ಎರಡು ಮೂರು ತಿಂಗಳು ಬೇಕು, ಒಣಗಿದ ಎಲೆ ಗೊಬ್ಬರವಾಗಲು ಇನ್ನೂ ಹೆಚ್ಚು. ನಿಧಾನಕ್ಕೆ ಆಗುವ ಕೆಲಸಗಳನ್ನು ಮೊದಲು ಹಿಡಿಯಿರಿ.

ಮೊದಲು ಮಣ್ಣಿನ ಪರೀಕ್ಷೆ. ತೋಟದ ಐದಾರು ಕಡೆ ಮೇಲಿನ ಕಸಕಡ್ಡಿ ಸರಿಸಿ, 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆಯಿರಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬೆರೆಸಿ, ನೆರಳಲ್ಲಿ ಆರಿಸಿ, ಅರ್ಧ ಕಿಲೋದಷ್ಟನ್ನು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಳಿಸಿ. ಸತುವಿನ ಲೇಪದ ಬಕೆಟ್ ಬೇಡ. ಫಲಿತಾಂಶದಲ್ಲಿ ಸತು ಸುಳ್ಳೇ ಹೆಚ್ಚು ಕಾಣುತ್ತದೆ. ಬಹುತೇಕ ತರಕಾರಿಗಳಿಗೆ ರಸಸಾರ (pH, ಮಣ್ಣಿನ ಹುಳಿ-ಕ್ಷಾರದ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) 6ರಿಂದ 7ರೊಳಗಿದ್ದರೆ ಸಾಕು. ಅದಕ್ಕಿಂತ ಕಡಿಮೆಯಿದ್ದರೆ ಮಾತ್ರ ಸುಣ್ಣ, ಅದೂ ವರದಿ ಹೇಳಿದಷ್ಟೇ. ಮರಳು ಮಣ್ಣಿಗೆ ಕಡಿಮೆ ಸಾಕು, ಜೇಡಿಗೆ ಹೆಚ್ಚು ಬೇಕು. ಒಲೆಬೂದಿಯೂ ರಸಸಾರ ಏರಿಸುತ್ತದೆ, ಹಾಗಾಗಿ 7 ದಾಟಿದ ಮಣ್ಣಿಗೆ ಬೂದಿ ಸುರಿಯಬಾರದು. ಆಲೂಗಡ್ಡೆ ಹಾಕುವ ಮಡಿಗೆ ಸುಣ್ಣ ಹಾಕಿದರೆ ಗಡ್ಡೆಯ ಮೇಲೆ ಹುರುಕು ರೋಗ ಹೆಚ್ಚುತ್ತದೆ. ಸುಣ್ಣ ಮತ್ತು ಹಸಿ ಸಗಣಿ ಗೊಬ್ಬರವನ್ನು ಒಟ್ಟಿಗೆ ಹಾಕಬೇಡಿ, ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ನಡುವೆ ಕೆಲವು ವಾರ ಬಿಡಿ.

ಹಸಿ ಗೊಬ್ಬರಕ್ಕೆ ಚಳಿಗಾಲದ ಆರಂಭವೇ ಸರಿಯಾದ ಕಾಲ. ಮಣ್ಣಿಗೆ ತಾಗಿ ಬೆಳೆಯುವ ಮೂಲಂಗಿ, ಸೊಪ್ಪುಗಳಿಗಾದರೆ ಗೊಬ್ಬರ ಹಾಕಿ ಕೊಯ್ಲು ಮಾಡುವವರೆಗೆ ಕನಿಷ್ಠ 120 ದಿನ ಅಂತರವಿರಬೇಕು. ಇಲ್ಲದಿದ್ದರೆ ಅದರಲ್ಲಿನ ರೋಗಾಣುಗಳು ತಟ್ಟೆಗೇ ಬರಬಹುದು. ಚೆನ್ನಾಗಿ ಕಳಿತ ಕಾಂಪೋಸ್ಟ್‌ಗೆ ಈ ತಕರಾರಿಲ್ಲ. ಅದನ್ನು 5 ಸೆಂ.ಮೀ. ದಪ್ಪ ಹರಡಿ, ಮೇಲಿನ 10 ಸೆಂ.ಮೀ. ಮಣ್ಣಿಗೆ ಬೆರೆಸಿ.

ಅಗೆಯುವ ಮುನ್ನ ಹದ ನೋಡಿ. ಒಂದು ಹಿಡಿ ಮಣ್ಣನ್ನು ಬಿಗಿಯಾಗಿ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ತಳ್ಳಿ. ಪುಡಿಪುಡಿಯಾಗಿ ಒಡೆದರೆ ಗುದ್ದಲಿ ಹಾಕಬಹುದು. ಬೆರಳು ಒತ್ತಿದಲ್ಲಿ ಕುಳಿ ಬಿದ್ದು ಉಂಡೆ ಹಾಗೇ ನಿಂತರೆ ಇನ್ನೂ ಕಾಯಬೇಕು. ಹಸಿಯಿರುವಾಗ ಅಗೆದ ಜೇಡಿ ಮಣ್ಣಿನ ರಂಧ್ರಗಳು ಮುಚ್ಚಿ, ಒಣಗಿದ ಮೇಲೆ ಹೆಂಟೆಗಟ್ಟುತ್ತದೆ. ಆ ಹೆಂಟೆ ಒಡೆಯಲು ಇಡೀ ಋತು ಸಾಲದು. ಖಾಲಿ ಮಡಿಗೆ 8–10 ಸೆಂ.ಮೀ. ಎಲೆಯ ಹೊದಿಕೆ ಕೊಡಿ. ಬಿತ್ತನೆಗೆ ಎರಡು ಮೂರು ವಾರ ಮೊದಲು ಅದನ್ನು ಬದಿಗೆ ಸರಿಸಲೇಬೇಕು, ಇಲ್ಲದಿದ್ದರೆ ನೆಲಕ್ಕೆ ಬಿಸಿಲು ತಾಗದೆ ಬೀಜ ಕೊಳೆಯುತ್ತದೆ.

ಹಣ್ಣಿನ ಗಿಡಗಳ ಸವರುವಿಕೆ ಎಲೆ ಉದುರಿ ಗಿಡ ನಿದ್ದೆಗೆ ಹೋದಾಗ. ಒಣಗಿದ್ದು, ರೋಗ ಹಿಡಿದದ್ದು, ಒಂದಕ್ಕೊಂದು ಉಜ್ಜುವ ಕೊಂಬೆ, ಈ ಮೂರನ್ನು ಮೊದಲು ತೆಗೆಯಿರಿ. ಎಳೆ ಕೊಂಬೆಯನ್ನು ಕಣ್ಣಿನ (ಚಿಗುರೊಡೆಯುವ ಮೊಗ್ಗಿನ) ಮೇಲೆ ಸುಮಾರು ಅರ್ಧ ಸೆಂ.ಮೀ. ಬಿಟ್ಟು ಓರೆಯಾಗಿ ಕತ್ತರಿಸಿ. ಗಾಯಕ್ಕೆ ಬಣ್ಣ ಬಳಿಯುವುದರಿಂದ ಪ್ರಯೋಜನವಿಲ್ಲ. ವಸಂತದಲ್ಲೇ ಹೂಬಿಡುವ ಪೊದೆಗಳು ಹಿಂದಿನ ಬೇಸಿಗೆಯಲ್ಲೇ ಮೊಗ್ಗು ಕಟ್ಟಿರುತ್ತವೆ, ಈಗ ಕತ್ತರಿಸಿದರೆ ಈ ವರ್ಷದ ಹೂ ಹೋಯಿತು. ಪ್ಲಮ್, ಚೆರ್ರಿಗಳನ್ನೂ ಈಗ ಮುಟ್ಟಬೇಡಿ. ಚಳಿಗಾಲದ ಗಾಯದ ಮೂಲಕ ಶಿಲೀಂಧ್ರ ಒಳನುಗ್ಗುತ್ತದೆ, ಅವಕ್ಕೆ ಬೇಸಿಗೆಯೇ ವಾಸಿ.

ಇನ್ನು ಬೀಜ. ಹಳೆಯ ಪೊಟ್ಟಣದಿಂದ 20 ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆಚ್ಚಗಿನ ಜಾಗದಲ್ಲಿಡಿ. 16 ಮೊಳೆತರೆ 80 ಶೇಕಡಾ. ಅರ್ಧಕ್ಕಿಂತ ಕಡಿಮೆಯಾದರೆ ಹೊಸ ಬೀಜ ತರುವುದೇ ಸರಿ. ಈರುಳ್ಳಿ ಬೀಜ ಒಂದೆರಡು ವರ್ಷಕ್ಕೇ ಸತ್ವ ಕಳೆದುಕೊಳ್ಳುತ್ತದೆ, ಟೊಮೆಟೊ ನಾಲ್ಕೈದು ವರ್ಷ ತಡೆಯುತ್ತದೆ.

ಸಸಿ ಎಬ್ಬಿಸಲು ಕೊನೆಯ ಹಿಮ ಬೀಳುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ: ಮೆಣಸಿನಕಾಯಿಗೆ 8–10 ವಾರ, ಟೊಮೆಟೊಗೆ 6–8, ಸೌತೆಗೆ 3–4. ಆಸೆಪಟ್ಟು ಬೇಗ ಬಿತ್ತುವುದೇ ಇಲ್ಲಿನ ದೊಡ್ಡ ತಪ್ಪು. ಕಿಟಕಿಯ ಬೆಳಕು ಸಾಲದೆ ಸಸಿ ಸೊರಗಿ ಉದ್ದವಾಗುತ್ತದೆ, ನೆಟ್ಟ ಮೇಲೆ ನಿಲ್ಲುವುದಿಲ್ಲ. ದೀಪ ಹಾಕುವುದಾದರೆ ದಿನಕ್ಕೆ 14–16 ಗಂಟೆ. ಬುಡ ಕಪ್ಪಾಗಿ ಸಸಿ ಅಡ್ಡಬಿದ್ದರೆ ಅದು ಸೊರಗು ಕೊಳೆ ರೋಗ, ಕಾರಣ ಅತಿಯಾದ ತೇವ ಮತ್ತು ತೊಳೆಯದ ಹಳೆಯ ಟ್ರೇ. ಟ್ರೇಗಳನ್ನು ಸೋಪಿನಲ್ಲಿ ತೊಳೆದು, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ. ನೀರನ್ನು ಟ್ರೇಯ ತಳದಿಂದ ಹೀರಿಕೊಳ್ಳಲು ಬಿಡಿ, ಮೇಲಿನಿಂದ ಸುರಿಯಬೇಡಿ.

ಉಳಿದ ಚೂರುಪಾರು ಕೆಲಸ ಒಂದು ಮಧ್ಯಾಹ್ನದ್ದು. ಗುದ್ದಲಿ, ಸಲಿಕೆಗಳ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಎಣ್ಣೆ ಸವರಿಡಿ. ಮರದ ಹಿಡಿಗೆ ಅಗಸೆ ಎಣ್ಣೆ ಹಚ್ಚಿದರೆ ಬಿರುಕು ಬಿಡುವುದಿಲ್ಲ. ಆದರೆ ಎಣ್ಣೆ ಹೀರಿದ ಚಿಂದಿಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹೊರಗೆ ಹರಡಿ ಒಣಗಿಸಿ. ನೀರು ಹೆಪ್ಪುಗಟ್ಟುವಷ್ಟು ಚಳಿಯಿದ್ದರೆ ಹನಿ ನೀರಾವರಿ ಪೈಪ್‌ಗಳ ತುದಿಯ ಮುಚ್ಚಳ ತೆಗೆದು ನೀರೆಲ್ಲ ಬಸಿಯಿರಿ, ಫಿಲ್ಟರ್ ಬಿಚ್ಚಿ ತೊಳೆದು ಒಳಗಿಡಿ.