ವಂಶವೃಕ್ಷದ ಪಕ್ಕದಲ್ಲಿ ಉಡಿದಾರ: ಕರುಳಿನ ಕ್ಯಾನ್ಸರ್ ಕುಟುಂಬಗಳೊಡನೆ ನನ್ನ ಅನುಭವ

ಉತ್ತರ ಕರ್ನಾಟಕದ ಜಿಲ್ಲಾ ಕೇಂದ್ರವೊಂದರಲ್ಲಿ ದೊಡ್ಡಕರುಳಿನ ಶಸ್ತ್ರಚಿಕಿತ್ಸೆ ಮಾಡುವ ನಾನು, ರೋಗಿಯ ವಂಶವೃಕ್ಷವನ್ನೂ ಮನೆಮಂದಿಯ ಸೊಂಟದ ಸುತ್ತಳತೆ, ತಂಬಾಕು, ಮದ್ಯದ ವಿವರಗಳನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳತೊಡಗಿದಾಗ ಸಹೋದ್ಯೋಗಿಗಳು ನಕ್ಕಿದ್ದರು. ಜೋಳದ ರೊಟ್ಟಿ ತಿನ್ನುವವರಲ್ಲಿ ಈ ರೋಗವೇ ಕಡಿಮೆ, ಅಜ್ಜ ಯಾವುದರಿಂದ ಸತ್ತನೆಂದು ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಪರೀಕ್ಷೆಗೆ ದುಡ್ಡು ಹಾಕುವವರಾರು ಎಂಬುದು ಅವರ ವಾದವಾಗಿತ್ತು. ಈಗ ಅವರೇ ಐವತ್ತರೊಳಗಿನ ರೋಗಿಗಳನ್ನು ಹಾಳೆ ತುಂಬಿಸಲೆಂದು ನನ್ನಲ್ಲಿಗೆ ಕಳಿಸುತ್ತಿರುವುದರಿಂದ, ಮಾಡಿದ್ದನ್ನು ಬರೆದಿಡುತ್ತಿದ್ದೇನೆ.

ಕಾಯಿಲೆಯ ಹೆಸರು ಕೇಳಿದರೆ ವಂಶವೃಕ್ಷ ಬೆಳೆಯುವುದಿಲ್ಲ. 'ಹೊಟ್ಟ್ಯಾಗ ಗಡ್ಡಿ ಆಗಿತ್ತು', 'ಮೂಲವ್ಯಾಧಿ ಜೋರಾಗಿ ಹೋದರು' ಎಂಬ ಮಾತುಗಳೇ ನಮಗಿರುವ ದಾಖಲೆ. ವಯಸ್ಸನ್ನೂ ನೇರವಾಗಿ ಕೇಳದೆ, 'ಯವ್ವಾ, ನಿಮ್ಮಣ್ಣ ತೀರಿಕೊಂಡಾಗ ಅವರ ಹಿರೇ ಮಗಳ ಮದಿವಿ ಆಗಿತ್ತೇನ್ರಿ?' ಎಂದು ಮನೆಯ ಹಿರಿಯ ಹೆಂಗಸನ್ನು ಕೇಳಿದರೆ ಲೆಕ್ಕ ತಾನಾಗಿ ಬರುತ್ತದೆ. ಇನ್ನೊಂದು ತೊಡಕು ನಮ್ಮದೇ. ಲಿಂಚ್ ಸಿಂಡ್ರೋಮ್, ಅಂದರೆ ವಂಶವಾಹಿಯ ದೋಷದಿಂದ ಕರುಳಿನ ಮತ್ತು ಗರ್ಭಕೋಶದ ಕ್ಯಾನ್ಸರ್‌ಗಳ ಅಪಾಯ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಸ್ಥಿತಿ, ಇರುವ ಮನೆಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ದೊಡ್ಡ ಸುಳಿವಾದರೂ, ಬಿಳಿ ಸೆರಗಿನ ನೆಪಕ್ಕೆ ಮೂವತ್ತೈದು-ನಲವತ್ತರಲ್ಲೇ ಗರ್ಭಕೋಶ ತೆಗೆಸಿಕೊಂಡ ಹೆಂಗಸರು ಹಳ್ಳಿಗಳಲ್ಲಿ ಅಷ್ಟೊಂದು ಇರುವುದರಿಂದ ಆ ಕೊಂಬೆ ರೋಗವೇ ಇಲ್ಲದಂತೆ ಕಾಣುತ್ತದೆ. ಇಂಥ ಕ್ಯಾನ್ಸರ್ ಬಂದ ಮೂವರು ಬಂಧುಗಳು, ಎರಡು ತಲೆಮಾರು, ಐವತ್ತರೊಳಗೆ ಒಬ್ಬರು ಎಂದು ಲಿಂಚ್ ಗುರುತಿಸುವ ಆಮ್‌ಸ್ಟರ್‌ಡ್ಯಾಮ್ ಮಾನದಂಡವನ್ನಷ್ಟೇ ನೆಚ್ಚಿದ್ದರೆ ನನ್ನ ಕುಟುಂಬಗಳಲ್ಲಿ ಅರ್ಧದಷ್ಟು ಕೈತಪ್ಪುತ್ತಿದ್ದವು.

ದುಡ್ಡು ಹೆಚ್ಚು ಹಾಳಾದದ್ದು ಪ್ರಯೋಗಾಲಯದಲ್ಲಿ. ಡಿಎನ್‌ಎ ತಪ್ಪು ತಿದ್ದುವ ನಾಲ್ಕು ಪ್ರೋಟೀನುಗಳು ಗಡ್ಡೆಯಲ್ಲಿ ಇವೆಯೋ ಇಲ್ಲವೋ ಎಂದು ಬಣ್ಣ ಹಾಕಿ ನೋಡುವ ಇಮ್ಯುನೊಹಿಸ್ಟೋಕೆಮಿಸ್ಟ್ರಿಗೆ (ಒಂದು ಇಲ್ಲದಿದ್ದರೆ ಲಿಂಚ್ ಶಂಕೆ) ಆಗ ಆರೇಳು ಸಾವಿರ ರೂಪಾಯಿ ತಗಲುತ್ತಿತ್ತು. ಎಂಎಲ್‌ಎಚ್1 ಹೋದರೆ ಪಿಎಂಎಸ್2, ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ಹೇಗೂ ಜೊತೆಗೇ ಮಾಯವಾಗುವುದರಿಂದ, ಪಿಎಂಎಸ್2 ಮತ್ತು ಎಂಎಸ್‌ಎಚ್6 ಎರಡನ್ನೇ ಮೊದಲು ಮಾಡಿಸಿ ಖರ್ಚನ್ನು ಅರ್ಧಕ್ಕಿಳಿಸಿದೆ. ಆದರೆ ಸುತ್ತಲಿನ ನರ್ಸಿಂಗ್ ಹೋಮ್‌ಗಳಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ ದ್ರವ ಮುಳುಗುವಷ್ಟೂ ಇಲ್ಲದೆ ಬಂದ ಕರುಳಿನ ತುಂಡುಗಳಲ್ಲಿ ಗಡ್ಡೆಯ ಪಕ್ಕದ ಆರೋಗ್ಯವಂತ ಜೀವಕೋಶಗಳೇ ಬಣ್ಣ ಹಿಡಿಯುತ್ತಿರಲಿಲ್ಲ; ಅಂಥ ಸ್ಲೈಡಿನಲ್ಲಿ ಗಡ್ಡೆ ಬಣ್ಣ ಹಿಡಿಯದಿದ್ದರೆ ಅದಕ್ಕೆ ಅರ್ಥವೇ ಇಲ್ಲ. ಆ ವರದಿಗಳನ್ನೆಲ್ಲ ಬದಿಗಿಟ್ಟು ಮತ್ತೆ ಮಾಡಿಸಿದ್ದಕ್ಕೆ ಅರವತ್ತು ಸಾವಿರದಷ್ಟು ನನ್ನ ಜೇಬಿನಿಂದಲೇ ಹೋಯಿತು. ಅಂದಿನಿಂದ ಫಾರ್ಮಲಿನ್ ತುಂಬಿದ ಡಬ್ಬಿಗಳನ್ನು ನಾನೇ ಹಂಚುತ್ತೇನೆ. ಪಿಎಂಎಸ್2 ಜೊತೆ ಎಂಎಲ್‌ಎಚ್1 ಕೂಡ ಇಲ್ಲವೆಂದು ಬಂದರೆ, ಗಡ್ಡೆಯಲ್ಲಿ ಬಿಆರ್‌ಎಎಫ್ ವಂಶವಾಹಿಯ ಬದಲಾವಣೆ (ಇದ್ದರೆ ರೋಗ ಬಹುಪಾಲು ವಂಶದಿಂದ ಬಂದದ್ದಲ್ಲ) ನೋಡಿದ ಮೇಲೆಯೇ ವಂಶವಾಹಿ ಪರೀಕ್ಷೆ. ರೋಗಿಯಲ್ಲಿ ದೋಷ ಒಮ್ಮೆ ಸಿಕ್ಕಿತೆಂದರೆ ಒಡಹುಟ್ಟಿದವರಲ್ಲಿ ಆ ಒಂದೇ ತಾಣವನ್ನು ನೋಡಿದರಾಯಿತು, ಖರ್ಚು ಕೆಲವೇ ಸಾವಿರಕ್ಕೆ ಮುಗಿಯುತ್ತದೆ.

ಬಂಧುಗಳನ್ನು ಕರೆತರುವುದು ಇದಕ್ಕಿಂತ ಕಷ್ಟವಾಯಿತು. ಪತ್ರ ಬರೆದೆ, ಯಾರೂ ಬರಲಿಲ್ಲ. ವಂಶವಾಹಿಯ ಮಾತಷ್ಟೇ ಆಡಿದಾಗ 'ಹಣೆಬರಹ ಸರ್' ಎಂದು ಎದ್ದರು; ಚಟಗಳ ಮಾತಷ್ಟೇ ಆಡಿದಾಗ ಊರೆಲ್ಲ ಗುಟ್ಕಾ ತಿನ್ನುತ್ತದೆಂದು ವಾದಿಸಿದರು. ಎರಡನ್ನೂ ಒಂದೇ ಹಾಳೆಯಲ್ಲಿ ತೋರಿಸಿದ ಮೇಲೆಯೇ ಕೂತು ಕೇಳಿದರು. ಲಿಂಚ್ ಇರುವವರನ್ನೇ ಹಿಂಬಾಲಿಸಿದ ಕ್ಯಾಪ್2 ಅಧ್ಯಯನದಲ್ಲಿ ಬೊಜ್ಜಿದ್ದವರ ಕರುಳಿನ ಕ್ಯಾನ್ಸರ್ ಅಪಾಯ ಸಾಮಾನ್ಯ ಅಥವಾ ಕಡಿಮೆ ತೂಕದವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು, ಆಸ್ಪಿರಿನ್ ತೆಗೆದುಕೊಂಡವರಲ್ಲಿ ಆ ಹೆಚ್ಚಳ ಕಾಣಲಿಲ್ಲ ಎಂಬುದನ್ನು ನೀವು ಓದಿಯೇ ಇರುತ್ತೀರಿ. ನಾನು ಹೇಳುವುದಿಷ್ಟೇ: ಅಪ್ಪನಿಂದ ಬಂದದ್ದನ್ನು ತೆಗೆಯಲಾಗದು, ಅದರ ಮೇಲೆ ನೀವು ಪೇರಿಸಿದ್ದನ್ನು ಇಳಿಸಬಹುದು, ಆದರೆ ಎಷ್ಟೇ ಇಳಿಸಿದರೂ ಕ್ಯಾಮೆರಾ ನಳಿಕೆಯಿಂದ ಕರುಳು ನೋಡುವ ಕೊಲೊನೋಸ್ಕೋಪಿ ತಪ್ಪುವುದಿಲ್ಲ. ಎಪಿಸಿ ಎಂಬ ಇನ್ನೊಂದು ವಂಶವಾಹಿಯ ದೋಷವಿರುವ ಮನೆಗಳಿಗೆ ಮಾತ್ರ ಈ ಮಾತು ಹೇಳುವುದಿಲ್ಲ. ನೂರಾರು ಪಾಲಿಪ್‌ಗಳಿರುವ (ಒಳಗೋಡೆಯ ಸಣ್ಣ ಗಂಟುಗಳು) ಕರುಳನ್ನು ನಡಿಗೆಯಾಗಲಿ ಸೊಪ್ಪಾಗಲಿ ಕಾಯುವುದಿಲ್ಲ, ಅಲ್ಲಿ ಸಕಾಲಕ್ಕೆ ಕತ್ತರಿಯೇ ದಾರಿ. ಮಾತಿಗೆ ಬಾರದೆ ಹೊರಗೆ ಬೀಡಿ ಸೇದುತ್ತ ನಿಲ್ಲುವ ತಮ್ಮಂದಿರನ್ನು ಒಳಗೆ ಕರೆತರುವ ಉಪಾಯವೊಂದಿದೆ. ಅದನ್ನು ಇಲ್ಲಿ ಬರೆಯಲಾರೆ.

ಆಹಾರದ ದಿನಚರಿ ಬರೆಸಿದ್ದು ಪೂರ್ತಿ ವ್ಯರ್ಥವಾಯಿತು, ಎಲ್ಲರೂ ಡಾಕ್ಟರಿಗೆ ಹಿಡಿಸುವುದನ್ನೇ ಬರೆದರು. ಅದರ ಬದಲು ಗಂಡಸರ ಉಡಿದಾರ ನೋಡತೊಡಗಿದೆ: ಕಳೆದ ಸಲ ಕಟ್ಟಿದ ಗಂಟು ಎಲ್ಲಿತ್ತು, ಈಗ ಎಲ್ಲಿದೆ, ಸಾಲದೆಂದು ಹೊಸದು ಕಟ್ಟಿಕೊಂಡದ್ದು ಯಾವ ಜಾತ್ರೆಗೆ ಎಂಬುದನ್ನು ಕೇಳಿ ಬರೆದುಕೊಂಡರೆ ಸೊಂಟದ ಹತ್ತು ವರ್ಷದ ಇತಿಹಾಸ ಸಿಗುತ್ತದೆ. ಟೇಪು ಇಂದಿನ ಅಳತೆಯನ್ನಷ್ಟೇ ಹೇಳುತ್ತದೆ. ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳು ಸೇರುವ ರೆಸಿಸ್ಟೆಂಟ್ ಸ್ಟಾರ್ಚ್ ಎಂಬ ಪಿಷ್ಟದ ಆಸೆಯಿಂದ ಕೆಲವು ಮನೆಗಳಲ್ಲಿ ರಾತ್ರಿಯ ತಣ್ಣನೆಯ ಅನ್ನ ತಿನ್ನಿಸಿಯೂ ನೋಡಿದೆ. ವಾಯುವಿನ ದೂರು ಬಿಟ್ಟರೆ ಏನೂ ದಕ್ಕಲಿಲ್ಲ; ಕ್ಯಾಪ್2ರಲ್ಲೂ ದಿನಕ್ಕೆ 30 ಗ್ರಾಂ ಕೊಟ್ಟು ಕರುಳಿನ ಕ್ಯಾನ್ಸರ್ ಇಳಿದಿರಲಿಲ್ಲ. ಆಸ್ಪಿರಿನ್ ಮಾತ್ರ, ಜಠರದ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ರೋಗಾಣುವಿನ ಪರೀಕ್ಷೆ ಮಾಡಿಸಿ, ಹುಣ್ಣಿನ ಇತಿಹಾಸ ಕೇಳಿಯೇ ಕೊಡುತ್ತೇನೆ.

ಇದುವರೆಗೆ ಹದಿನೈದಿಪ್ಪತ್ತು ಲಿಂಚ್ ಕುಟುಂಬಗಳು ಹಾಳೆಯಲ್ಲಿವೆ. ರೋಗಿಯೊಬ್ಬರ ತಮ್ಮ, ಮೂವತ್ತೆಂಟರ ಲಾರಿ ಚಾಲಕ, ಯಾವ ಲಕ್ಷಣವೂ ಇಲ್ಲದೆ ಬಂದು ಬಲಗರುಳಿನ ದೊಡ್ಡ ಅಡಿನೋಮಾ (ಮುಂದೆ ಕ್ಯಾನ್ಸರ್ ಆಗಬಲ್ಲ ಗಂಟು) ತೆಗೆಸಿಕೊಂಡು ಮರುದಿನವೇ ಮನೆಗೆ ಹೋದದ್ದು ನನ್ನ ಪಾಲಿಗೆ ಎಲ್ಲ ವಾದಗಳಿಗೂ ಉತ್ತರ. ಈಗಿರುವ ಕೆಲಸ ಸೋದರಮಾವ-ಸೊಸೆ ಮದುವೆಯ ಮನೆಗಳದ್ದು. ಮ್ಯೂಟಿವೈಎಚ್ ಎಂಬ ವಂಶವಾಹಿಯ ದೋಷ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದಾಗಲೇ ಪಾಲಿಪ್ ತರುವುದರಿಂದ ಅಲ್ಲಿ ತಂದೆತಾಯಿ ಚೆನ್ನಾಗಿದ್ದು ಮಕ್ಕಳಲ್ಲಿ ಮಾತ್ರ ರೋಗ ಕಾಣುತ್ತದೆ, ಹೀಗಾಗಿ ತಲೆಮಾರು ಎಣಿಸುವ ನನ್ನ ಹಾಳೆ ಅವರಿಗೆ ಸಾಲದು. ಅದಕ್ಕೆಂದೇ ಬೇರೆ ನಮೂನೆ ತಯಾರಿಸುತ್ತಿದ್ದೇನೆ.